ನಿಮಗಿದು ಗೊತ್ತೇ? ಮಂಗಳೂರು ದೂರವೋ, ದೇವನಹಳ್ಳಿ ದೂರವೋ?

ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಮಂಗಳೂರಿನ ಬಜಪೆಗೆ ನೆಟ್ಟಗೆ ಗೆರೆ ಎಳೆದರೆ ಸುಮಾರು 306 ಕಿ.ಮೀ. ಪೈಲಟ್ ಭಾಷೆಯಲ್ಲಿ 165 ನಾಟಿಕಲ್ ಮೈಲಿ. ವಿಮಾನ ಗಾಳಿಯಲ್ಲಿರುವುದು ಹೆಚ್ಚುಕಡಿಮೆ ಮುಕ್ಕಾಲು ಗಂಟೆ. ಯಶವಂತಪುರದಲ್ಲಿ ರೈಲು ಹತ್ತಿದವರಿಗೆ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿ.ಮೀ. ಘಟ್ಟ ಇಳಿಯುವುದಕ್ಕೇ ಸುಮಾರು ಎರಡು ಗಂಟೆ ಬೇಕು. (ಆ ಹಸಿರು ನೋಡಲು ಎರಡು ಗಂಟೆಯೂ ಸಾಲದು, ಬಿಡಿ.)

ಮುಕ್ಕಾಲು ಗಂಟೆಯ ಹಾರಾಟಕ್ಕೆ ಟಿಕೆಟ್‌ನಲ್ಲಿ ಒಂದು ಗಂಟೆಗೂ ಮೇಲೆ ಏಕೆ ತೋರಿಸುತ್ತಾರೆ? ಇಳಿಜಾರಿನಲ್ಲಿ ಲಾರಿ ನಿಲ್ಲಿಸಿದ ಕ್ಲೀನರ್ ಹಿಂದಿನ ಗಾಲಿಗೆ ಕಲ್ಲು ಕೊಡುತ್ತಾನಲ್ಲ, ನಿಂತ ವಿಮಾನದ ಚಕ್ರಕ್ಕೂ ಹಾಗೇ ಒಂದು ಅಡೆ ಕೊಟ್ಟಿರುತ್ತಾರೆ. ಅದನ್ನು ತೆಗೆದು ವಿಮಾನ ಕದಲಿದಾಗ ಗಡಿಯಾರ ಶುರು; ಇಳಿದ ಊರಲ್ಲಿ ಮತ್ತೆ ಅಡೆ ಬಿದ್ದಾಗ ಬಂದ್. ರನ್‌ವೇ ತುದಿಯವರೆಗೆ ತೆವಳಿದ್ದು, ಸರದಿಗೆ ಕಾದದ್ದು ಎಲ್ಲವೂ 'ಪ್ರಯಾಣ'ವೇ!

ಗಾಳಿಯದೂ ಪಾಲಿದೆ. ವಿಮಾನ ಏರುವುದು ಗಾಳಿಗೆ ಎದುರಾಗಿ. ಮುಂಗಾರಿನ ಪಡುವಣ ಗಾಳಿಯಲ್ಲಿ ಪಶ್ಚಿಮಕ್ಕೇ ಮುಖ ಮಾಡಿ ಏರಿ ಸೀದಾ ಮಂಗಳೂರಿನ ದಾರಿ ಹಿಡಿಯಬಹುದು. ಚಳಿಗಾಲದ ಮೂಡಣ ಗಾಳಿಗೆ ಮೊದಲು ಪೂರ್ವಕ್ಕೆ ಹಾರಿ, ಆಮೇಲೆ ತಿರುಗಬೇಕು.

ದೇವನಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 240, ಹುಬ್ಬಳ್ಳಿಗೆ 370, ಕಲಬುರಗಿಗೆ 460 ಕಿ.ಮೀ. ಇಂಥ ಗಿಡ್ಡ ದಾರಿಯಲ್ಲಿ ದೊಡ್ಡ ಜೆಟ್ ಪೂರ್ತಿ ಎತ್ತರಕ್ಕೆ ಏರುವ ಮೊದಲೇ ಇಳಿಯುವ ಹೊತ್ತಾಗಿರುತ್ತದೆ. ಹಾಗಾಗಿ ಗಂಟೆಗೆ 500 ಕಿ.ಮೀ.ಯ ಪಂಖದ ಎಟಿಆರ್ ವಿಮಾನಕ್ಕೂ ಅದಕ್ಕೂ ವ್ಯತ್ಯಾಸ ಕೆಲವೇ ನಿಮಿಷ. ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರುಮಾಡಿದ್ದು ಈ ಎಟಿಆರ್‌ಗಳಿಂದಲೇ. ಅವರ ಹೆಲಿಕಾಪ್ಟರ್ ಕಂಪನಿಯ ನೆಲೆ ನಮ್ಮ ಜಕ್ಕೂರು.

ಯಲಹಂಕ ವಾಯುನೆಲೆಗೂ ದೇವನಹಳ್ಳಿಗೂ ನೇರ ಅಂತರ 13 ಕಿ.ಮೀ. ಮಾತ್ರ. ಯುದ್ಧವಿಮಾನಕ್ಕೆ ಒಂದು ನಿಮಿಷದ ದಾರಿ! ಅದಕ್ಕೇ ಯಲಹಂಕದಲ್ಲಿ 'ಏರೋ ಇಂಡಿಯಾ' ವೈಮಾನಿಕ ಪ್ರದರ್ಶನ ಬಂತೆಂದರೆ ದೇವನಹಳ್ಳಿಯ ವಿಮಾನಗಳು ಗಂಟೆಗಟ್ಟಲೆ ಸುಮ್ಮನಿರಬೇಕು.

ಇನ್ನು ಉದ್ದದ ಲೆಕ್ಕ: 2021ರ ಜನವರಿಯಲ್ಲಿ ಮಹಿಳಾ ಪೈಲಟ್‌ಗಳೇ ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲೆ ಹಾದು ಬೆಂಗಳೂರಿಗೆ ತಂದ ಏರ್ ಇಂಡಿಯಾ ವಿಮಾನ ಕ್ರಮಿಸಬೇಕಿದ್ದ ನೇರ ದೂರವೇ ಸುಮಾರು 14,000 ಕಿ.ಮೀ. ಎಲ್ಲೂ ನಿಲ್ಲಲಿಲ್ಲ.

ನಾವು ನಿಲ್ಲುವುದು ಹೆಬ್ಬಾಳದ ಟ್ರಾಫಿಕ್‌ನಲ್ಲಿ. ದೇಶದೊಳಗಿನ ವಿಮಾನಗಳ ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಹೊರಡುವ 60 ನಿಮಿಷ ಮೊದಲೇ ಮುಚ್ಚುತ್ತದೆ. ಆರ್.ಟಿ. ನಗರದವರೇ, 'ಇಲ್ಲೇ ಪಕ್ಕ' ಎಂದು ಕೂರಬೇಡಿ, ಬೇಗ ಹೊರಡಿ.