ಅಟ್ಟದ ಮೇಲಿನ ಗಾಳದ ರೀಲು



ಇವತ್ತು ಬೆಳೆಯ ವಿಷಯ ಪಕ್ಕಕ್ಕಿಟ್ಟು, ಮನೆಯಲ್ಲಿರಬಹುದಾದ ಒಂದು ಹಳೆಯ ಸಾಮಾನಿನ ವಿಷಯ ತಿಳಿಯೋಣ. ಅದೇ ಗಾಳದ ರೀಲು. ಗಾಳದ ಕೋಲಿನ ಬುಡಕ್ಕೆ ಕಟ್ಟುವ, ದಾರವನ್ನು ಬೇಕಾದಾಗ ಬಿಟ್ಟು ಬೇಕಾದಾಗ ಸುತ್ತಿಕೊಳ್ಳುವ ಚಿಕ್ಕ ಯಂತ್ರ.

ನಮ್ಮ ಹಳ್ಳಿಯ ಗಾಳಕ್ಕೆ ಬಿದಿರುಕೋಲು, ದಾರ, ಕೊಕ್ಕೆ ಇದ್ದರೆ ಸಾಕು, ರೀಲು ಬೇಕಿಲ್ಲ. ಆದರೆ ಬ್ರಿಟಿಷರ ಕಾಲದಲ್ಲಿ ಕಾವೇರಿ, ಕಬಿನಿ ಹೊಳೆಗಳಲ್ಲಿ ಮಹಶೀರ್ ಮೀನು ಹಿಡಿಯುವ ಹವ್ಯಾಸದ ಅಧಿಕಾರಿಗಳು, ತೋಟದ ದೊರೆಗಳು ಇದ್ದರು. ಅವರ ಜೊತೆಯಲ್ಲಿ ವಿಲಾಯತಿ ರೀಲುಗಳೂ ಬಂದವು. ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ ಅವರು 1946ರಲ್ಲಿ ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡು, ಅಂದರೆ ಸುಮಾರು 54 ಕಿಲೋ ತೂಗಿತ್ತು. ಅಷ್ಟು ದೊಡ್ಡ ಮೀನು ಹೊಳೆಯ ಸೆಳವಿನಲ್ಲಿ ಓಡಿದರೆ ಕೈಯಲ್ಲಿ ದಾರ ಹಿಡಿದು ನಿಲ್ಲಿಸಲಾದೀತೇ? ದಾರ ಬಿಡುತ್ತಾ, ಸುತ್ತುತ್ತಾ ಅದನ್ನು ದಣಿಸಬೇಕು. ಅದಕ್ಕೇ ರೀಲು.

ಇಂಥ ಸಾಮಾನುಗಳು ಹೊಳೆದಂಡೆಯ ಊರಿನ, ತೋಟದ ಕೆಲಸದವರ ಮನೆಯ ಅಟ್ಟದ ಮೇಲೆ ಉಳಿದಿದ್ದರೂ ಇರಬಹುದು. ಗುಜರಿಯವನು ಬಂದರೆ ಹಿತ್ತಾಳೆಯ ತೂಕಕ್ಕೆ ಕೇಳುತ್ತಾನೆ. ಆದರೆ ಹಳೆಯ ರೀಲು ಸಂಗ್ರಹಿಸುವವರು ಲೋಕದಲ್ಲಿ ಬಹಳ ಮಂದಿ ಇದ್ದಾರೆ. ಅವರು ತೂಕ ನೋಡುವುದಿಲ್ಲ, ಜಾತಿ ನೋಡುತ್ತಾರೆ. ಆದ್ದರಿಂದ ತಕ್ಕಡಿಗೆ ಹಾಕುವ ಮುಂಚೆ ಅದು ಯಾವ ಜಾತಿಯದೆಂದು ನಾವೇ ಗುರುತಿಸಬೇಕು.

ಗುರುತಿಸುವುದಕ್ಕೆ ಮುಖ್ಯವಾಗಿ ಒಂದೇ ಪ್ರಶ್ನೆ: ದಾರ ಹೊರಗೆ ಹೋಗುವಾಗ ಉರುಳೆ ತಿರುಗುತ್ತೋ, ಇಲ್ಲವೋ?

ಮೊದಲನೆಯದು ರಾಟೆಯ ಜಾತಿ. ಬಾವಿಯ ರಾಟೆಯಂತೆ ಉರುಳೆ ತಿರುಗಿದರೇ ದಾರ ಇಳಿಯುತ್ತೆ. ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ಉರುಳೆಯೂ ಒಂದೇ ಸುತ್ತು. ಇದರಲ್ಲೇ ಹಲವು ಬಗೆಯುಂಟು. ಪೂರಾ ಹಿತ್ತಾಳೆಯದಾಗಿ, ಡೊಂಕು ಕೈಗೆ ಹಿಡಿ ಕೂರಿಸಿದ್ದರೆ ಬಲು ಹಳೆಯ ಮಾದರಿ. ಮರದ ಉರುಳೆಯಿದ್ದು, ಬೆನ್ನಿಗೆ ನಕ್ಷತ್ರದ ಆಕಾರದ ಹಿತ್ತಾಳೆ ಪಟ್ಟಿ ಇದ್ದರೆ ಅದು ನಾಟಿಂಗ್‌ಹ್ಯಾಮ್ ರೀಲು. ಇಂಗ್ಲೆಂಡಿನ ಟ್ರೆಂಟ್ ನದಿಯ ದಂಡೆಯ ಊರದು. ಮರ ಸೀಳದಿರಲೆಂದು ಆ ಪಟ್ಟಿ; ಬರೀ ಅಲಂಕಾರಕ್ಕಲ್ಲ. ಇನ್ನು ಹಾರ್ಡಿ ಎಂಬ ಕಂಪನಿ 1872ರಲ್ಲಿ ಆನಿಕ್ ಎಂಬ ಊರಲ್ಲಿ ಆರಂಭವಾಯಿತು. ಅದರ ‘ಪರ್ಫೆಕ್ಟ್’ ಎಂಬ ರೀಲಿನಲ್ಲಿ ಸೈಕಲ್ ಚಕ್ರದ ಅಚ್ಚಿನಲ್ಲಿರುವಂಥ ಉಕ್ಕಿನ ಗುಂಡುಗಳಿವೆ. ಬಿಚ್ಚಿದರೆ ಗುಂಡುಗಳು ಉದುರಿ ಹೋಗಬಹುದು, ಎಚ್ಚರ.

ತಿರುಗಿಸಿದಾಗ ಕೆಲವು ರೀಲುಗಳು ಟರ್ರೆಂದು ಸದ್ದು ಮಾಡುತ್ತವೆ. ಕೆಟ್ಟಿದೆ ಎಂದು ತಿಳಿಯಬೇಡಿ. ಒಳಗೆ ಹಲ್ಲುಚಕ್ರಕ್ಕೆ ಸ್ಪ್ರಿಂಗಿನ ಒಂದು ನಾಲಗೆ ತಾಗಿಕೊಂಡಿರುತ್ತೆ. ಮೀನು ಜಗ್ಗಿದಾಗ ಉರುಳೆ ಹುಚ್ಚು ವೇಗದಲ್ಲಿ ತಿರುಗಿ ದಾರ ಸಿಕ್ಕಾಗದಂತೆ ಅದು ತಡೆಯುತ್ತೆ.

ಎರಡನೆಯದು ಗಡಿಯಾರದ ಜಾತಿ. ಇದರಲ್ಲೂ ಉರುಳೆ ತಿರುಗುತ್ತೆ, ಆದರೆ ಹಿಡಿಗಿಂತ ಬೇಗ. ಉರುಳೆಗೂ ಹಿಡಿಗೂ ಸೀಮೆಸುಣ್ಣದಲ್ಲಿ ಒಂದೊಂದು ಗುರುತು ಹಾಕಿ, ಹಿಡಿಯನ್ನು ನಿಧಾನವಾಗಿ ಒಂದೇ ಸುತ್ತು ತಿರುಗಿಸಿ. ಉರುಳೆ ಎರಡು, ಮೂರು, ನಾಲ್ಕು ಸುತ್ತು ಬಂತೇ? ಹಾಗಾದರೆ ಒಳಗೆ ದೊಡ್ಡ ಹಲ್ಲುಚಕ್ರವೊಂದು ಚಿಕ್ಕ ಹಲ್ಲುಚಕ್ರವನ್ನು ತಿರುಗಿಸುತ್ತಿದೆ. ಅಮೆರಿಕದ ಕೆಂಟಕಿ ಪ್ರಾಂತದಲ್ಲಿ 19ನೆಯ ಶತಮಾನದ ಮೊದಲ ಭಾಗದಲ್ಲಿ ಜಾರ್ಜ್ ಸ್ನೈಡರ್ ಎಂಬ ಗಡಿಯಾರ ಕೆಲಸದವರು ಇಂಥವನ್ನು ಮಾಡಿ ಹೆಸರಾದರು. ಸ್ವೀಡನ್ನಿನ ಅಬು ಕಂಪನಿಯೂ ಗಡಿಯಾರ, ಟ್ಯಾಕ್ಸಿ ಮೀಟರು ಮಾಡುತ್ತಿದ್ದು ಆಮೇಲೆ ರೀಲಿಗೆ ಬಂತು. ಹಲ್ಲು ಕೊರೆಯುವ ನಾಜೂಕಿನ ಕೈ ಬೇಕಲ್ಲ, ಅದಕ್ಕೇ ಗಡಿಯಾರದವರು ಇದರಲ್ಲಿ ಮುಂದಾದರು.

ಮೂರನೆಯದು ಕಂಡಿಕೆಯ ಜಾತಿ. ನೇಕಾರರ ಮನೆಯಲ್ಲಿ ಲಾಳಿ ನೋಡಿದ್ದೀರಿ. ಒಳಗಿನ ಕಂಡಿಕೆ ತಿರುಗುವುದಿಲ್ಲ. ಅದರ ತುದಿಯಿಂದ ನೂಲು ಜಾರಿ ಬರುತ್ತೆ. ಇಂಗ್ಲೆಂಡಿನ ಬ್ರಾಡ್‌ಫರ್ಡ್ ಉಣ್ಣೆ ಗಿರಣಿಗಳ ಊರು. ಅಲ್ಲಿನ ಉಣ್ಣೆ ಉದ್ಯಮದ ಮನೆತನದ ಆಲ್ಫ್ರೆಡ್ ಇಲ್ಲಿಂಗ್‌ವರ್ತ್ ಈ ಉಪಾಯವನ್ನೇ ರೀಲಿಗೆ ಹೊಂದಿಸಿ 1905ರಲ್ಲಿ ಪೇಟೆಂಟ್ ಪಡೆದರು. ಉರುಳೆ ಅಲುಗದ ಕಾರಣ ಹಗುರವಾದ ಆಮಿಷವನ್ನೂ ದೂರ ಎಸೆಯಬಹುದು. ಸುತ್ತುವಾಗ ಒಂದು ಕೊಕ್ಕೆ ಉರುಳೆಯ ಸುತ್ತ ಓಡಾಡಿ ದಾರ ಸುತ್ತುತ್ತೆ. ಮೊದಮೊದಲಿನ ಇಂಥ ರೀಲುಗಳಿಗೆ ಮುಚ್ಚಳವಿಲ್ಲ. ಹಲ್ಲುಚಕ್ರಗಳು ಹೊರಗೇ ಕಾಣುತ್ತವೆ. ಹೊಲಿಗೆ ಯಂತ್ರದ ಮುರಿದ ಚೂರೆಂದು ಎಸೆದುಬಿಡುವ ಹಾಗಿರುತ್ತೆ, ಎಸೆಯಬೇಡಿ. ಈಗಿನ ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವ ರೀಲಿಗೆ ಅದೇ ಮೂಲಪುರುಷ.

ಇವಲ್ಲದೆ ಒಂದು ವಿಚಿತ್ರ ರೀಲಿದೆ. ಸ್ಕಾಟ್ಲೆಂಡಿನ ಪರ್ತ್ ಊರಿನ ಮ್ಯಾಲೊಕ್ ಎಂಬವರು 1884ರಲ್ಲಿ ಪೇಟೆಂಟ್ ಮಾಡಿಸಿದ್ದು. ನೋಡಲು ರಾಟೆ, ಆದರೆ ಪಾದದ ಹತ್ತಿರ ಒಂದು ತಿರುಗಣಿ ಇದೆ. ಎಸೆಯುವಾಗ ಉರುಳೆಯನ್ನು ಅಡ್ಡಕ್ಕೆ ತಿರುಗಿಸಿದರೆ ಕಂಡಿಕೆಯಂತೆ ದಾರ ಜಾರುತ್ತೆ. ಮತ್ತೆ ನೇರ ಮಾಡಿದರೆ ರಾಟೆಯಂತೆ ಸುತ್ತುತ್ತೆ. ಒಂದೇ ತೊಂದರೆ: ದಾರ ಹೀಗೆ ಜಾರಿದಾಗ ಸುತ್ತಿಗೊಂದರಂತೆ ಹುರಿ ಏರುತ್ತೆ. ಹಗ್ಗ ಹೊಸೆಯುವ ನಿಮಗೆ ಹುರಿ ಹೆಚ್ಚಾದರೆ ಏನಾಗುತ್ತೆಂದು ಹೇಳಬೇಕಾಗಿಲ್ಲ. ಆ ಹುರಿ ಬಿಚ್ಚಲೆಂದೇ ಕೆಲವದರಲ್ಲಿ ಉರುಳೆಯನ್ನು ಹಿಂದುಮುಂದಾಗಿ ಹಾಕುವ ಏರ್ಪಾಡು ಮಾಡಿದರು. ಈ ರೀಲು ಸಿಕ್ಕರೆ, ಕೀಲು ಸಡಿಲವಾಗಿದೆಯೆಂದು ಬೆಸುಗೆ ಹಾಕಿಸಬೇಡಿ. ಆ ಕೀಲೇ ಅದರ ಜೀವ.

ಜಾತಿ ತಿಳಿದ ಮೇಲೆ ವಯಸ್ಸು. ಹಿತ್ತಾಳೆ, ಮರ ಇದ್ದರೆ ಹೆಚ್ಚಾಗಿ ಹಿಂದಿನ ಕಾಲದ್ದು. ಹಗುರವಾದ ಅಲ್ಯೂಮಿನಿಯಂ 19ನೆಯ ಶತಮಾನದ ಕೊನೆಯಿಂದ ಬಂತು. ಬೇಕಲೈಟ್ 1920ರ ನಂತರದ ಮಾತು. ಕಪ್ಪಾದ ಗಟ್ಟಿ ರಬ್ಬರಿನ ಬಿಲ್ಲೆಯಿದ್ದರೆ ಅದು ಎಬೊನೈಟ್; ಬಿಸಿಲು ಬಿದ್ದದ್ದು ಕಂದು ಬಣ್ಣಕ್ಕೆ ತಿರುಗಿರುತ್ತೆ. ಆಮೇಲೆ ಅಕ್ಷರ ಹುಡುಕಿ. ಬೆನ್ನ ಮೇಲೆ, ಹಿಡಿಯ ಬಳಿ, ಪಾದದ ತಳದಲ್ಲಿ ನೋಡಿ. ದೀಪವನ್ನು ಓರೆಯಾಗಿ ಹಿಡಿದರೆ ಸವೆದ ಅಕ್ಷರವೂ ಕಾಣುತ್ತೆ. ಅಲ್ಲಿರುವುದು ಮಾಡಿದವರ ಹೆಸರೇ ಆಗಬೇಕೆಂದಿಲ್ಲ, ಮಾರಿದ ಅಂಗಡಿಯ ಹೆಸರೂ ಇರಬಹುದು.

ಅಕ್ಕತಂಗಿಯರಿಗೆ ಒಂದು ಮುಖ್ಯ ಮಾತು. ಹಿತ್ತಾಳೆ ಕಂಡರೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುವುದು ನಮ್ಮ ಮನೆಗಳ ರೂಢಿ. ಇದಕ್ಕೆ ಮಾತ್ರ ಬೇಡ. ತಿಕ್ಕಿದರೆ ಮೇಲಿನ ಹಳೆಯ ಬಣ್ಣ ಹೋಗುತ್ತೆ, ಅಕ್ಷರ ಸವೆಯುತ್ತೆ, ಬೆಲೆಯೂ ಇಳಿಯುತ್ತೆ. ಒಣಬಟ್ಟೆಯಲ್ಲಿ ಮೆಲ್ಲಗೆ ಒರೆಸಿ. ಬಿಗಿಯಾಗಿದ್ದರೆ ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು ಸಾಕು. ಕೊಬ್ಬರಿ ಎಣ್ಣೆ ಹಾಕಬೇಡಿ, ಚಳಿಗೆ ಹೆಪ್ಪುಗಟ್ಟಿ ಧೂಳು ಹಿಡಿಯುತ್ತೆ. ತಿರುಪು ಬಿಚ್ಚಲು ಬಲ ಪ್ರಯೋಗ ಬೇಡ. ಪಾದವನ್ನು ಅರದಿಂದ ಉಜ್ಜಲೂ ಬೇಡ. ಜೊತೆಯಲ್ಲಿ ತೊಗಲಿನ ಡಬ್ಬಿ ಇದ್ದರೆ ಅದನ್ನೂ ಜೋಪಾನ ಮಾಡಿ.

ಮಾರುವುದಾದರೆ ಮುಂದೆ, ಹಿಂದೆ, ಪಾದ, ಅಕ್ಷರ, ಈ ನಾಲ್ಕರ ಫೋಟೋ ತೆಗೆಯಿರಿ. ಉರುಳೆಯ ಅಡ್ಡಳತೆಯನ್ನು ಅಂಗುಲದಲ್ಲಿ ಬರೆದಿಡಿ. ತಿಳಿದವರು ಇಬ್ಬರು ಮೂವರನ್ನು ಕೇಳದೆ ಮೊದಲು ಬಂದ ಬೆಲೆಗೆ ಒಪ್ಪಬೇಡಿ.

ಕಾನೂನನ್ನೂ ಮರೆಯಬಾರದು. ಕೆಲವು ಹಳೆಯ ರೀಲುಗಳ ಹಿಡಿ ಆನೆದಂತದ್ದು. ದಂತದ ವ್ಯಾಪಾರ ನಮ್ಮ ದೇಶದಲ್ಲಿ ನಿಷಿದ್ಧ. ಅನುಮಾನ ಬಂದರೆ ಅರಣ್ಯ ಇಲಾಖೆಯವರನ್ನು ಕೇಳಿ. 100 ವರ್ಷ ದಾಟಿದ ಸಾಮಾನು 1972ರ ಕಾಯಿದೆಯಂತೆ ಪುರಾತನ ವಸ್ತು ಎನಿಸಬಹುದು. ಪುರಾತತ್ವ ಇಲಾಖೆಯನ್ನು ವಿಚಾರಿಸದೆ ಹೊರದೇಶಕ್ಕೆ ಕಳಿಸಬೇಡಿ. ರೀಲು ಚೆನ್ನಾಗಿ ತಿರುಗುತ್ತದೆಂದು ಮಹಶೀರ್ ಬೇಟೆಗೂ ಇಳಿಯಬೇಡಿ. ಕಾವೇರಿಯ ಡುಬ್ಬದ ಮಹಶೀರನ್ನು ಅಳಿವಿನ ಅಂಚಿಗೆ ಬಂದ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ 2018ರಲ್ಲಿ ಸೇರಿಸಲಾಗಿದೆ.

ಹಾಗಾದರೆ ನೆನಪಿಡಿ: ಉರುಳೆ ಹಿಡಿಯ ಜೊತೆ ಸರಿಸಮ ತಿರುಗಿದರೆ ರಾಟೆ, ಬೇಗ ತಿರುಗಿದರೆ ಗಡಿಯಾರ, ತಿರುಗದೆ ನಿಂತರೆ ಕಂಡಿಕೆ. ಇಷ್ಟು ನೋಡುವವರೆಗೆ ತಕ್ಕಡಿಯವನನ್ನು ಜಗಲಿಯ ಮೇಲೆ ಕೂರಿಸಿ, ಮಜ್ಜಿಗೆ ಕೊಟ್ಟು ಕಳಿಸಿ. ರೀಲು ಮನೆಯಲ್ಲೇ ಇರಲಿ.