ಬೆಳಕನ್ನು ಕೂಡಿಡುವ ಸಂಜೆ

ಶಾಸನಗಳ ಛಾಯಾಚಿತ್ರ ತೆಗೆಯುವ ಕೆಲಸದಲ್ಲಿ ನಾವು ಮೂವತ್ತು ವರ್ಷಗಳನ್ನು ಕಳೆದವರು. ಓರೆಯಾಗಿ ಬೀಳುವ ಬೆಳಗಿನ ಬಿಸಿಲಿಗಾಗಿ ಕಾದು, ಸವೆದ ಅಕ್ಷರಗಳ ನೆರಳನ್ನು ಹಿಡಿಯುವುದು ನಮಗೆ ಕೈವಶವಾಗಿದ್ದ ವಿದ್ಯೆ. ಎರಡು ವರ್ಷಗಳ ಹಿಂದೆ ಆ ಕೈಯೇ ನಡುಗತೊಡಗಿತು. ತೆಗೆದ ಚಿತ್ರಗಳಲ್ಲಿ ಪಕಾರವೂ ವಕಾರವೂ ಒಂದೇ ಆಗಿ ಕಾಣಿಸಿದಾಗ ಕ್ಯಾಮೆರಾವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆವು. ಇನ್ನು ಅದನ್ನು ಮುಟ್ಟುವ ಪ್ರಸಂಗ ಬಾರದೆಂದೇ ಭಾವಿಸಿದ್ದೆವು.

ಬೀಗ ತೆಗೆಸಿದವನು ಉಡುಪಿಯಲ್ಲಿ ನೌಕರಿಯಲ್ಲಿರುವ ನಮ್ಮ ತಂಗಿಯ ಮಗ. ಕಳೆದ ಡಿಸೆಂಬರಿನಲ್ಲಿ ಅವನ ಮನೆಗೆ ಹೊರಟಾಗ, ಕ್ಯಾಮೆರಾ ತಪ್ಪದೆ ತರಬೇಕೆಂದು ದೂರವಾಣಿಯಲ್ಲಿ ಹಟ ಹಿಡಿದನು. “ಮಾವ, ಕೈ ನಡುಗಿದರೇನು? ಚಿತ್ರ ಮೂಡುವಾಗ ಕೈಯೇ ಸೋಕಬಾರದ ಪದ್ಧತಿಯೊಂದಿದೆ, ಬನ್ನಿ” ಎಂದನು. ಹೀಗೆ ಅರವತ್ತು ದಾಟಿದ ಮೇಲೆ ನಾವು ಮತ್ತೆ ವಿದ್ಯಾರ್ಥಿಗಳಾದೆವು.

ಪಾಠಶಾಲೆ ಕಾಪುವಿನ ಕಡಲ ತೀರ. ಉಡುಪಿಯಿಂದ ಮಂಗಳೂರಿನ ಹಾದಿಯಲ್ಲಿರುವ ಈ ಊರಿನ ದೀಪಸ್ತಂಭವು 1901ರಲ್ಲಿ ಬಂಡೆಯ ಮೇಲೆ ಎದ್ದು ನಿಂತದ್ದು. ಪಶ್ಚಿಮಕ್ಕೆ ಅರಬ್ಬಿ ಸಮುದ್ರ. ಸೂರ್ಯನು ನೇರ ಪಶ್ಚಿಮದಲ್ಲಿ ಮುಳುಗುವುದು ವರ್ಷಕ್ಕೆ ಎರಡೇ ಬಾರಿ, ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ. ಡಿಸೆಂಬರಿನಲ್ಲಿ ಸುಮಾರು 24 ಡಿಗ್ರಿ ದಕ್ಷಿಣಕ್ಕೂ, ಜೂನಿನಲ್ಲಿ ಅಷ್ಟೇ ಉತ್ತರಕ್ಕೂ ಸರಿಯುತ್ತಾನೆ. ಎಲ್ಲಿ ನಿಂತರೆ ಸೂರ್ಯ ಸ್ತಂಭದ ಯಾವ ಮಗ್ಗುಲಿಗೆ ಬಂದಾನೆಂಬುದನ್ನು ಮೊದಲೇ ಲೆಕ್ಕ ಹಾಕಬೇಕು. ಬಿಂಬದ ಕೆಳ ಅಂಚು ನೀರನ್ನು ಮುಟ್ಟಿದ ಮೇಲೆ ಪೂರ್ತಿ ಮುಳುಗಲು ನಮ್ಮ ಕಡೆ ಬೇಕಾಗುವುದು ಎರಡು ನಿಮಿಷಕ್ಕಿಂತ ತುಸು ಹೆಚ್ಚು ಮಾತ್ರ. ಆಗ ಜಾಗ ಹುಡುಕುವವನಿಗೆ ಚಿತ್ರವಿಲ್ಲ.

ಇನ್ನು ವಿಧಾನ. ಸಾಮಾನ್ಯವಾಗಿ ಕ್ಯಾಮೆರಾದ ಷಟರ್ ಸೆಕೆಂಡಿನ ನೂರರಲ್ಲೊಂದು ಪಾಲಿನಷ್ಟು ತೆರೆದು ಮುಚ್ಚುತ್ತದೆ. ದೀರ್ಘ ಎಕ್ಸ್‌ಪೋಷರಿನಲ್ಲಿ ಅದನ್ನು ಹಲವು ಸೆಕೆಂಡು, ಕೆಲವೊಮ್ಮೆ ನಿಮಿಷಗಳವರೆಗೆ ತೆರೆದಿಡುತ್ತಾರೆ. ಅಷ್ಟು ಹೊತ್ತು ಬೆಳಕು ಒಳಬಂದರೆ ಚಿತ್ರವೆಲ್ಲ ಬೆಳ್ಳಗಾಗದೆ? ಅದಕ್ಕಾಗಿ ಲೆನ್ಸಿನ ಮುಂದೆ ಕಪ್ಪು ಗಾಜಿನ ಫಿಲ್ಟರನ್ನು ಕೂಡಿಸುತ್ತಾರೆ. ನಮ್ಮ ಹುಡುಗ ಕೊಟ್ಟದ್ದು ಹತ್ತು ಸ್ಟಾಪಿನ ಗಾಜು. ಒಂದೊಂದು ಸ್ಟಾಪಿಗೂ ಬೆಳಕು ಅರ್ಧವಾಗುತ್ತ ಹೋಗಿ, ಹತ್ತನೆಯದಕ್ಕೆ 1024ರಲ್ಲಿ ಒಂದು ಪಾಲು ಉಳಿಯುತ್ತದೆ. ಗಾಜಿಲ್ಲದೆ ಸೆಕೆಂಡಿನ ಮೂವತ್ತನೆಯ ಒಂದು ಪಾಲು ಸಾಕಾಗುವಲ್ಲಿ ಅದನ್ನಿಟ್ಟರೆ 34 ಸೆಕೆಂಡು ಬೇಕು. ಆ ಅವಧಿಯಲ್ಲಿ ಬಂದುಹೋದ ಅಲೆಗಳೆಲ್ಲ ಒಂದರ ಮೇಲೊಂದು ಬಿದ್ದು, ನೀರು ಹೊಗೆಯಂತೆ, ಮಂಜಿನಂತೆ ಮೂಡುತ್ತದೆ. ಬಂಡೆ ಮಾತ್ರ ಬಂಡೆಯಾಗಿಯೇ ಇರುತ್ತದೆ.

ಮೊದಲ ಸಂಜೆ ನಾವು ಮಾಡದ ತಪ್ಪಿಲ್ಲ. ಗಾಜು ಹಾಕಿದ ಮೇಲೆ ಫೋಕಸ್ ಮಾಡಹೊರಟೆವು; ಕತ್ತಲಲ್ಲದೆ ಬೇರೇನೂ ಕಾಣಲಿಲ್ಲ. ಫೋಕಸನ್ನು ಮೊದಲೇ ಮಾಡಿ, ಅದು ಅಲುಗದಂತೆ ನಿಲ್ಲಿಸಿ, ಅನಂತರ ಗಾಜು ಹಾಕಬೇಕಂತೆ. ಬಟನ್ನನ್ನು ಬೆರಳಿನಿಂದ ಒತ್ತಿ ಕ್ಯಾಮೆರಾವನ್ನು ಅದುರಿಸಿದೆವು. ಹತ್ತು ಸೆಕೆಂಡು ತಡೆದು ತಾನೇ ತೆರೆಯುವ ಟೈಮರನ್ನು ಹುಡುಗ ತೋರಿಸಿದನು. ಎಲ್ಲಕ್ಕಿಂತ ದೊಡ್ಡ ಪಾಠ ಕಲಿಸಿದ್ದು ಮರಳು. ಹಿಂದಿರುಗುವ ಅಲೆ ಮುಕ್ಕಾಲಿಯ ಪಾದದಡಿಯ ಮರಳನ್ನು ಸೆಳೆದೊಯ್ಯುತ್ತದೆ. ಕಣ್ಣಿಗೆ ಕಾಣದಷ್ಟು ಕುಸಿದರೂ ದೀಪಸ್ತಂಭ ಎರಡಾಗಿ ಮೂಡುತ್ತದೆ. ಕಾಲುಗಳನ್ನು ಆಳವಾಗಿ ಊರಿ, ಒಂದೆರಡು ಅಲೆ ಬಂದುಹೋಗಲು ಬಿಟ್ಟು, ಆಮೇಲೆ ಚಿತ್ರಕ್ಕೆ ತೊಡಗಬೇಕು. ನಾವು ಮುಳುಗದ ಸೂರ್ಯನನ್ನು ವ್ಯೂಫೈಂಡರಿನಲ್ಲಿ ಇಣುಕಹೊರಟಾಗ ಹುಡುಗ ನಮ್ಮ ತೋಳನ್ನೇ ಹಿಡಿದೆಳೆದನು. ಲೆನ್ಸಿನ ಮೂಲಕ ಬಂದ ಸೂರ್ಯ ಕಣ್ಣನ್ನೇ ಸುಟ್ಟಾನು. ಮಕ್ಕಳ ಕೈಗೆ ಕ್ಯಾಮೆರಾ ಕೊಡುವ ತಂದೆತಾಯಿಗಳು ಇದನ್ನು ನೆನಪಿಡಬೇಕು.

ಅಂತೂ ಕೊನೆಗೊಂದು ಚಿತ್ರ ನೆಟ್ಟಗೆ ಬಂತು. ಮುಕ್ಕಾಲಿಯ ಮೇಲೆ ಕ್ಯಾಮೆರಾ ತಾನಾಗಿ ಬೆಳಕನ್ನು ಕೂಡಿಡುತ್ತಿದ್ದಾಗ ನಾವು ನಡುಗುವ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದೆವು. ಪರದೆಯ ಮೇಲೆ ದೀಪಸ್ತಂಭದ ಗೆರೆ ಕೂದಲೆಳೆಯಷ್ಟು ಸ್ಪಷ್ಟವಾಗಿತ್ತು. ನಮ್ಮ ಕಣ್ಣು ತೇವವಾದದ್ದನ್ನು ಹುಡುಗ ನೋಡಲಿಲ್ಲ, ಅಥವಾ ನೋಡದಂತೆ ಇದ್ದನು.

ಅದೇ ಹೊತ್ತಿಗೆ ದಡದಲ್ಲಿ ಕೈರಂಪಣಿ ಬಲೆ ಎಳೆಯುವವರು ಹತ್ತು ಹದಿನೈದು ಮಂದಿ ಇದ್ದರು. ದೋಣಿಯ ಅಂಚಿನಲ್ಲಿ ಕುಳಿತಿದ್ದ ವೃದ್ಧರೊಬ್ಬರು ಎದ್ದು ಬಂದು ನಮ್ಮ ಚಿತ್ರವನ್ನು ಬಹಳ ಹೊತ್ತು ನೋಡಿದರು. “ನಾನೊಬ್ಬ ಉಂಟಲ್ಲ ಮಾರಾಯ್ರೇ, ಬಲೆ ಎಳೆಯುವವರೆಲ್ಲ ಎಲ್ಲಿಗೆ ಹೋದರು?” ಎಂದರು. ನೋಡಿದರೆ ಹೌದು! ದುಡಿಯುತ್ತಿದ್ದವರೆಲ್ಲ ಅಳಿಸಿಹೋಗಿ, ಸುಮ್ಮನೆ ಕುಳಿತವರೊಬ್ಬರೇ ಉಳಿದಿದ್ದರು.

ಇದು ಹೊಸ ಸಂಗತಿಯಲ್ಲ. 1838ರಲ್ಲಿ ಲೂಯಿ ಡಾಗೆರ್ ಪ್ಯಾರಿಸ್ಸಿನ ರಾಜಬೀದಿಯೊಂದರ ಚಿತ್ರ ತೆಗೆದಾಗ ಫಲಕಕ್ಕೆ ಹಲವು ನಿಮಿಷ ಬೆಳಕು ಬೇಕಾಗಿತ್ತು. ಓಡಾಡುತ್ತಿದ್ದ ಗಾಡಿಗಳೂ ಜನರೂ ಮಾಯವಾಗಿ, ಬೂಟಿಗೆ ಪಾಲಿಷ್ ಹಾಕಿಸಿಕೊಳ್ಳುತ್ತ ನಿಂತಿದ್ದ ಮನುಷ್ಯನೊಬ್ಬ ಸ್ಪಷ್ಟವಾಗಿ ಮೂಡಿದನು. ಅಂದಿನವರಿಗೆ ಅದು ಯಂತ್ರದ ಅಶಕ್ತಿ. ನಮಗೆ ಅದೇ ಸೊಗಸು. 1856-57ರಲ್ಲಿ ಫ್ರಾನ್ಸಿನ ಗುಸ್ತಾವ್ ಲೆ ಗ್ರೇ ಅಲೆಯನ್ನು ನಿಲ್ಲಿಸಲು ಎಷ್ಟೋ ಶ್ರಮಪಟ್ಟು, ಆಗಸಕ್ಕೊಂದು ಕಡಲಿಗೊಂದು ನೆಗೆಟಿವ್ ಸೇರಿಸಿ ಚಿತ್ರ ಮಾಡಿದವನು. ಇಂದು ನಾವು ದುಡ್ಡು ಕೊಟ್ಟು ಗಾಜು ತಂದು ಅದೇ ಅಲೆಯನ್ನು ಅಳಿಸುತ್ತೇವೆ. ನಗು ಬರುವುದಿಲ್ಲವೆ?

ಆ ರಾತ್ರಿ ನಿದ್ದೆ ಬರಲಿಲ್ಲ. ಎಷ್ಟು ಹೊತ್ತು ತೆರೆದಿಡಬೇಕೆಂಬುದು ಬರಿಯ ಲೆಕ್ಕವಲ್ಲ, ಯಾರು ಉಳಿಯಬೇಕು ಯಾರು ಅಳಿಯಬೇಕೆಂಬ ತೀರ್ಮಾನವೂ ಹೌದು ಎಂಬುದು ಆ ವೃದ್ಧರ ಪ್ರಶ್ನೆಯಿಂದ ತಿಳಿಯಿತು. ಹುಡುಗನು ಹೊಗೆಯಂಥ ನೀರೇ ಚೆನ್ನೆನ್ನುತ್ತಾನೆ. ನಮಗೆ ಹಾಗೆ ಅನ್ನಿಸಲಿಲ್ಲ.

ಮರುದಿನ ಸೂರ್ಯ ಮುಳುಗಿ ಹತ್ತು ನಿಮಿಷ ಕಳೆದ ಮೇಲೆ ಕಪ್ಪು ಗಾಜನ್ನು ಕಳಚಿದೆವು. ಅಷ್ಟು ಹೊತ್ತಿಗೆ ಬೆಳಕು ತಾನಾಗಿಯೇ ಕುಗ್ಗಿತ್ತು. ಅರ್ಧ ಸೆಕೆಂಡು ಸಾಕಾಯಿತು. ಅಲೆಗಳು ಎಳೆಎಳೆಯಾಗಿ ಹರಿದವು. ಬಿಗಿದ ಹಗ್ಗ ನೇರ ಗೆರೆಯಾಗಿ ನಿಂತಿತು. ಎಳೆಯುವವರ ಮುಖಗಳು ಕಾಣಲಿಲ್ಲ. ಹಿಂದಕ್ಕೆ ಬಾಗಿದ ಬೆನ್ನುಗಳು, ಮರಳಿನಲ್ಲಿ ಹೂತ ಹಿಮ್ಮಡಿಗಳು ಕಂಡವು.

ಉಡುಪಿಯಲ್ಲಿ ಅದರ ಪ್ರತಿಯೊಂದನ್ನು ಮಾಡಿಸಿ, ಹೊರಡುವ ಮುನ್ನ ಆ ವೃದ್ಧರಿಗೆ ಕೊಟ್ಟೆವು. ಅವರು ಸಾಲಿನಲ್ಲಿ ಮೂರನೆಯ ಬೆನ್ನಿನ ಮೇಲೆ ಬೆರಳಿಟ್ಟು, “ಇವ ನನ್ನ ತಮ್ಮ” ಎಂದರು.

ಮುಕ್ಕಾಲಿಯನ್ನು ಹುಡುಗ ನಮಗೇ ಕೊಟ್ಟುಬಿಟ್ಟಿದ್ದಾನೆ. ನಮ್ಮ ಊರಿನ ಹಾಳುಗುಡಿಯ ಕತ್ತಲ ಮೂಲೆಯಲ್ಲಿ, ಬಿಸಿಲೇ ಮುಟ್ಟದ ಶಾಸನವೊಂದಿದೆ. ಈ ತಿಂಗಳು ಅದರ ಎದುರು ಮುಕ್ಕಾಲಿ ನಿಲ್ಲಿಸಿ, ಷಟರನ್ನು ಒಂದು ನಿಮಿಷ ತೆರೆದಿಟ್ಟು ನೋಡಬೇಕೆಂದಿದ್ದೇವೆ.