ಬೀದಿ ಗೋಡೆಗೆ ಬಣ್ಣ ಹಚ್ಚುವ ಲಿಂಗತ್ವ ಅಲ್ಪಸಂಖ್ಯಾತರು: ಏನಿದು ಅರವಾಣಿ ಆರ್ಟ್ ಪ್ರಾಜೆಕ್ಟ್?

ಸಿಗ್ನಲ್‌ನಲ್ಲಿ ಚಪ್ಪಾಳೆ ಸದ್ದು ಕೇಳಿದರೆ ಕಾರಿನ ಗಾಜು ಮೇಲೇರುತ್ತದೆ. ನಗರಗಳಲ್ಲಿ ಲಿಂಗತ್ವ ಅಲ್ಪಸಂಖ್ಯಾತರು ಎಲ್ಲರ ಕಣ್ಣಿಗೂ ಬೀಳುತ್ತಾರೆ. ಆದರೆ ಅವರನ್ನು ನಮ್ಮ ಊರಿನವರು ಎಂದುಕೊಳ್ಳುವವರು ಕಡಿಮೆ. ಈ ಅಂತರವನ್ನು ಬಣ್ಣದ ಮೂಲಕ ತುಂಬಲು ಹೊರಟಿದೆ ಬೆಂಗಳೂರಿನ ಅರವಾಣಿ ಆರ್ಟ್ ಪ್ರಾಜೆಕ್ಟ್.

ಆರಂಭ ಹೇಗೆ?

ಕಲಾವಿದೆ ಪೂರ್ಣಿಮಾ ಸುಕುಮಾರ್ 2016ರಲ್ಲಿ ಇದನ್ನು ಆರಂಭಿಸಿದರು. ಟ್ರಾನ್ಸ್ ಮಹಿಳೆಯರು ಇತರ ಮಹಿಳೆಯರ ಜೊತೆ ಸೇರಿ ಸಾರ್ವಜನಿಕ ಗೋಡೆಗಳ ಮೇಲೆ ಬೃಹತ್ ಚಿತ್ರ ಬರೆಯುತ್ತಾರೆ. ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯಿಂದ ದೆಹಲಿಯ ಲೋಧಿ ಕಾಲೊನಿವರೆಗೆ ಇವರ ಚಿತ್ರಗಳಿವೆ. ಮಹಾಭಾರತದ ಅರವಾನನನ್ನು ತಮಿಳುನಾಡಿನ ಕೂವಾಗಂನಲ್ಲಿ ಸಮುದಾಯದವರು ಪೂಜಿಸುತ್ತಾರೆ. ತಂಡದ ಹೆಸರು ಬಂದಿದ್ದು ಅಲ್ಲಿಂದ.

ಗೋಡೆಯೇ ಏಕೆ?

ಗ್ಯಾಲರಿಗೆ ಹೋಗುವವರು ಕೆಲವರು, ಬೀದಿಯಲ್ಲಿ ಓಡಾಡುವವರು ಎಲ್ಲರೂ. ಒಂದು ಗೋಡೆ ಮುಗಿಯಲು ದಿನಗಟ್ಟಲೆ ಬೇಕು. ಅಷ್ಟೂ ದಿನ ಟ್ರಾನ್ಸ್ ಮಹಿಳೆಯರು ಹಾಡಹಗಲೇ ಅದೇ ಬೀದಿಯಲ್ಲಿ ಕೆಲಸಗಾರರಾಗಿ ನಿಲ್ಲುತ್ತಾರೆ. ನೋಡಲು ನಿಂತವರು ಮಾತಿಗಿಳಿಯುತ್ತಾರೆ. ಚಿತ್ರದಷ್ಟೇ ಈ ಮಾತುಕತೆಯೂ ಮುಖ್ಯ.

ಇದರ ತೂಕ ತಿಳಿಯಲು ಕಾನೂನಿನ ಇತಿಹಾಸ ನೋಡಬೇಕು. 1871ರ ಬ್ರಿಟಿಷ್ ಕಾಯ್ದೆಯೊಂದು ಈ ಸಮುದಾಯದ ಶಂಕಿತರ ಹೆಸರು, ವಿಳಾಸಗಳನ್ನು ದಾಖಲಿಸಿಡಲು ಹೇಳಿತ್ತು. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ಸೇರಿದ 36ಎ ಕಲಂ ಅಂಥದ್ದೇ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತು. ಹೈಕೋರ್ಟ್‌ನಲ್ಲಿ ಪ್ರಶ್ನಿಸಿದ ಬಳಿಕವೇ ಸಮುದಾಯವನ್ನು ಬೊಟ್ಟು ಮಾಡುವ ಪದವನ್ನು ಅದರಿಂದ ಕೈಬಿಡಲಾಯಿತು. ಪೊಲೀಸ್ ದಾಖಲೆಯಲ್ಲಿ ಹೆಸರು ಬರೆಸಿಕೊಳ್ಳಬೇಕಿದ್ದ ಸಮುದಾಯವೇ ಈಗ ಊರಿನ ಗೋಡೆಯ ಮೇಲೆ ತನ್ನ ಮುಖಗಳನ್ನು ತಾನೇ ಬರೆಯುತ್ತಿದೆ.

ಬದಲಾಗಿದ್ದೇನು?

2014ರಲ್ಲಿ ಸುಪ್ರೀಂ ಕೋರ್ಟ್ ತೃತೀಯ ಲಿಂಗವನ್ನು ಮಾನ್ಯ ಮಾಡಿತು. 2021ರಲ್ಲಿ ಕರ್ನಾಟಕ ಸರ್ಕಾರಿ ಉದ್ಯೋಗದಲ್ಲಿ ಶೇ 1ರಷ್ಟು ಮೀಸಲಾತಿ ನೀಡಿತು. 2024ರ ವೆನಿಸ್ ಬಿಯೆನಾಲೆ ಕಲಾಮೇಳದಲ್ಲೂ ಅರವಾಣಿ ತಂಡದ ಚಿತ್ರ ಕಾಣಿಸಿಕೊಂಡಿತು.

ಹಾಗೆಂದು ಚಿತ್ರ ಬರೆದ ಮಾತ್ರಕ್ಕೆ ಬಾಡಿಗೆ ಮನೆ ಸಿಗುವುದಿಲ್ಲ, ಕೆಲಸ ಕೊಡುವವರ ಮನಸ್ಸೂ ಬದಲಾಗುವುದಿಲ್ಲ. ಬಿಸಿಲು ಮಳೆಗೆ ಬಣ್ಣ ಮಾಸುತ್ತದೆ, ಗೋಡೆಯೇ ಉರುಳಬಹುದು. ಆದರೆ ಬಣ್ಣದ ಡಬ್ಬಿ ಹಿಡಿದವರ ಹೆಸರು ಕೇಳಿ, ಟೀ ಕೊಟ್ಟು ಮಾತನಾಡಿಸಿದ ಅಂಗಡಿಯವರಿಗೆ ಮುಂದಿನ ಬಾರಿ ಅವರು ಅಪರಿಚಿತರಲ್ಲ.